ಕಾಲ್ ಬಂದ ಮೇಲೆ ಹುಟ್ಟುವ ಐಡಿಯಾಗಳು

'ಕಾಲ್ ಬಂದಿದೆ', ಅಂದರೆ ಸಂಶೋಧನಾ ಅನುದಾನಕ್ಕೆ ಅರ್ಜಿ ಕರೆದಿದ್ದಾರೆ ಎಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಿದ್ದರೆ ಸಾಕು, ಎಂಜಿನಿಯರಿಂಗ್ ಕಾಲೇಜಿನ ಸ್ಟಾಫ್ ರೂಮಿಗೆ ಆ ತಿಂಗಳ ನೆಮ್ಮದಿ ಮುಗಿದಂತೆ. ಬೆಂಗಳೂರಿನ ಬನಶಂಕರಿಯ ಸುತ್ತ ಇಂಥ ಸ್ಟಾಫ್ ರೂಮುಗಳಿಗೆ ಬರವಿಲ್ಲ. ಎರಡನೇ ಹಂತದಲ್ಲಿ ಬಿಎನ್‌ಎಂಐಟಿ, ಮೂರನೇ ಹಂತದ ರಿಂಗ್ ರಸ್ತೆಯಲ್ಲಿ ಪಿಇಎಸ್ ವಿಶ್ವವಿದ್ಯಾಲಯ, ಪಕ್ಕದ ಕುಮಾರಸ್ವಾಮಿ ಲೇಔಟಿನಲ್ಲಿ ದಯಾನಂದ ಸಾಗರ. ಖಾಸಗಿ ಕಾಲೇಜಿನ ಮೇಷ್ಟ್ರಿಗೆ ಐಐಎಸ್‌ಸಿಯವರ ಹಾಗೆ ಸಂಶೋಧನೆಗೆಂದೇ ಹೊತ್ತು ಮೀಸಲಿರುವುದಿಲ್ಲ. ಕ್ಲಾಸು, ಲ್ಯಾಬು, ಇಂಟರ್ನಲ್ಸ್ ಮುಗಿದು ಉಳಿದ ಸಂಜೆಯಲ್ಲೇ ಪ್ರಪೋಸಲ್ ಬರೆಯಬೇಕು.

ಸಂಶೋಧನೆಯ ವಿಚಾರ ಬರೆಯಲು ಯಾರೂ ಗೊಣಗುವುದಿಲ್ಲ, ಗೊಣಗಾಟವೆಲ್ಲ ಮಿಕ್ಕದ್ದಕ್ಕೆ. ವರ್ಷವಾರು ಬಜೆಟ್, ಉಪಕರಣಕ್ಕೆ ಕೊಟೇಶನ್, ಸಂಸ್ಥೆಯ ಮುಖ್ಯಸ್ಥರ ಎಂಡಾರ್ಸ್‌ಮೆಂಟ್, ಕೃತಿಚೌರ್ಯ ಮಾಡಿಲ್ಲವೆಂಬ ಮುಚ್ಚಳಿಕೆ, ಒಂದೊಂದು ಪೋರ್ಟಲ್‌ಗೂ ಒಂದೊಂದು ನಮೂನೆಯ ಬಯೋಡೇಟಾ. ಕೊನೆಯ ದಿನ ಪ್ರಿನ್ಸಿಪಾಲರು ಊರಲ್ಲಿರುವುದಿಲ್ಲ. ಅವರಿದ್ದರೆ ಸೀಲು ಇಟ್ಟುಕೊಂಡವರು ರಜೆ. ಎರಡೂ ಕೂಡಿಬಂದು ಸ್ಕ್ಯಾನ್ ಮಾಡಿದರೆ, ಫೈಲು ದೊಡ್ಡದಾಯಿತೆಂದು ಪೋರ್ಟಲ್ ವಾಪಸ್ ಉಗುಳುತ್ತದೆ.

ಸಮಯದ ಈ ದುಂದಿಗೆ ಲೆಕ್ಕ ಹಾಕಿದವರು ಆಸ್ಟ್ರೇಲಿಯಾದವರು. 2012ರಲ್ಲಿ ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿಗೆ ಹೋದ 3,727 ಪ್ರಪೋಸಲ್‌ಗಳ ತಯಾರಿಗೆ ತಗುಲಿದ ಸಮಯವನ್ನು ಕೂಡಿದರೆ ಸುಮಾರು 550 ವರ್ಷಗಳ ದುಡಿಮೆ. ಒಂದೊಂದಕ್ಕೆ ಸರಾಸರಿ 34 ದಿನ. ಅನುದಾನ ಸಿಕ್ಕಿದ್ದು ಐದರಲ್ಲಿ ಒಂದಕ್ಕೆ. ಹೆಚ್ಚು ದಿನ ಕೂತು ಬರೆದವರಿಗೆ ಅದರಿಂದ ಅನುಕೂಲವೇನೂ ಆಗಿರಲಿಲ್ಲ.

ನಮ್ಮಲ್ಲಿ ಇದಕ್ಕೊಂದು ಒಗ್ಗರಣೆಯೂ ಇದೆ. ನ್ಯಾಕ್ ಮೌಲ್ಯಮಾಪನದಲ್ಲಿ, ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಸಂಶೋಧನಾ ಅನುದಾನಕ್ಕೂ ಅಂಕವುಂಟು. ಅಂಕ ಇರುವುದು ಬಂದ ಹಣಕ್ಕೆ. ಆದರೆ ಆಡಳಿತ ಮಂಡಳಿಯ ಕೈಗೆ ಸುಲಭವಾಗಿ ಸಿಗುವುದು ಹಾಕಿದ ಅರ್ಜಿಯ ಲೆಕ್ಕ. ಹಾಗಾಗಿ 'ಪ್ರತಿ ವಿಭಾಗದಿಂದ ಇಷ್ಟು ಪ್ರಪೋಸಲ್' ಎಂಬ ಟಾರ್ಗೆಟ್. ಐಡಿಯಾ ಇದ್ದವರೂ ಬರೆಯುತ್ತಾರೆ, ಇಲ್ಲದವರೂ ಬರೆಯುತ್ತಾರೆ. ಓದುವವರು ಎರಡನ್ನೂ ಓದಬೇಕು.

ಕಾಲ್ ಎಂಬುದನ್ನೇ ತೆಗೆದರೆ? ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ ಭೂವಿಜ್ಞಾನದ ಕೆಲವು ವಿಭಾಗಗಳಲ್ಲಿ ಕೊನೆಯ ದಿನಾಂಕ ರದ್ದು ಮಾಡಿ, ಯಾವಾಗ ಬೇಕಾದರೂ ಕಳಿಸಿ ಎಂದಿತು. ಅರ್ಜಿಗಳು 804ರಿಂದ 327ಕ್ಕೆ ಇಳಿದವು! ಮಿಕ್ಕವು ಗಡುವಿನ ಗಾಬರಿಯಲ್ಲಿ ಹುಟ್ಟುತ್ತಿದ್ದ ಕೂಸುಗಳೆಂದೇ ನನ್ನ ಗುಮಾನಿ.

ಕಡಿಮೆ ಕೇಳಿ ಕೊಡುವ ಅಭ್ಯಾಸ ನಮಗೂ ಹೊಸದಲ್ಲ. ಗಣಿತದವರಿಗೆಂದು ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಎಸ್‌ಇಆರ್‌ಬಿ) ತಂದ ಮ್ಯಾಟ್ರಿಕ್ಸ್ ಯೋಜನೆಯಲ್ಲಿ ವರ್ಷಕ್ಕೆ 2 ಲಕ್ಷ ರೂಪಾಯಿ, ಮೂರು ವರ್ಷ ಎಂದು ಮೊತ್ತ ಮೊದಲೇ ನಿಗದಿಯಾಗಿತ್ತು. ಬಜೆಟ್ಟಿನ ಜಗ್ಗಾಟಕ್ಕೆ ಜಾಗವೇ ಇರಲಿಲ್ಲ. ಐಐಎಸ್‌ಸಿ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲದಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಕೆಲವು ಸಾವಿರ ರೂಪಾಯಿ ಕೊಡುತ್ತ ಬಂದಿದೆ. ಸಣ್ಣ ಹಣ, ಸಣ್ಣ ಅರ್ಜಿ.

ಎಸ್‌ಇಆರ್‌ಬಿ ಈಗ 2023ರ ಕಾಯ್ದೆಯಿಂದ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಸೇರಿಹೋಗಿದೆ. ಐದು ವರ್ಷಕ್ಕೆ 50,000 ಕೋಟಿ ಎಂದು ಆಗ ಹೇಳಿದ ಮೊತ್ತದಲ್ಲಿ ದೊಡ್ಡ ಪಾಲು ಸರ್ಕಾರೇತರ ಮೂಲಗಳಿಂದ ಬರಬೇಕಾದದ್ದು. ಆ ಮಾತು ಬೇರೆ. ಎಲ್ಲ ಯೋಜನೆಗೂ ಮೊದಲು ಎರಡು ಪುಟದ ಟಿಪ್ಪಣಿ ಕೇಳಿ, ಅದರಲ್ಲಿ ಗೆದ್ದವರಿಂದ ಮಾತ್ರ ಕೊಟೇಶನ್ನು, ಮುಚ್ಚಳಿಕೆ ತರಿಸಿಕೊಳ್ಳಲು ಕೋಟಿಗಳೇನೂ ಬೇಡ. ಸೋತವರಿಗೆ ಏಕೆ ಸೋತಿರೆಂದು ಪರಿಶೀಲಕರ ಮೂರು ಸಾಲನ್ನಾದರೂ ಕಳಿಸಬೇಕು. 'ಶಿಫಾರಸು ಮಾಡಿಲ್ಲ' ಎಂಬ ಒಂದೇ ಸಾಲು ಬಂದರೆ, ಅದೇ ಪ್ರಪೋಸಲ್ ತಲೆಬರಹ ಬದಲಿಸಿಕೊಂಡು ಮುಂದಿನ ಕಾಲ್‌ಗೆ ಮತ್ತೆ ಹೊರಡುತ್ತದೆ.