ಬಕೆಟ್ಟಿಗೆ ಒಂದು ಮುಚ್ಚಳ: ಕಾರು ತೊಳೆಯುವುದರ ಹಿಂದಿರುವ ಭೌತವಿಜ್ಞಾನ

ಭಾನುವಾರದ ಬೆಳಗ್ಗೆ ನಮ್ಮ ನಗರಗಳ ಯಾವ ಬಡಾವಣೆಯಲ್ಲಿ ನಡೆದುಹೋದರೂ ಒಂದಲ್ಲ ಒಂದು ಮನೆಯ ಮುಂದೆ ಕಾರು ತೊಳೆಯುವ ಸಂಭ್ರಮ ಕಣ್ಣಿಗೆ ಬೀಳುವುದು. ಬಕೆಟ್ಟಿನ ಅಂಚನ್ನು ಮೀರಿ ನೊರೆ ಉಕ್ಕಿದಷ್ಟೂ ತೊಳೆಯುವವರಿಗೆ ಸಮಾಧಾನ. ನಾವೂ ಒಂದು ಕಾಲದಲ್ಲಿ ಹೀಗೆಯೇ ನಂಬಿದ್ದೆವು. ಹಳೆಯ ಕಾರೊಂದನ್ನು ಕೊಂಡ ಹೊಸತರಲ್ಲಿ ಅರ್ಧ ಲೀಟರ್ ಶ್ಯಾಂಪೂವನ್ನು ನಾಲ್ಕೇ ಭಾನುವಾರಗಳಲ್ಲಿ ಮುಗಿಸಿದೆವು. ಸೀಸೆಯ ಮೇಲೆ ಬಕೆಟ್ಟಿಗೆ ಒಂದು ಮುಚ್ಚಳ ಸಾಕೆಂದು ಅಚ್ಚಾಗಿದ್ದಿತು. ಮಾರುವವನೇ ಕಡಿಮೆ ಬಳಸಿರೆಂದು ಹೇಳುವಾಗ ಅದಕ್ಕೊಂದು ಕಾರಣವಿರಬೇಕೆಂಬ ಸಂದೇಹ ಕೂಡ ನಮಗೆ ಬರಲಿಲ್ಲ. ಫಲವೇನೆಂದರೆ, ಒಣಗಿದ ಮೇಲೆ ಬಾನೆಟ್ಟಿನ ತುಂಬ ಬಿಳಿಯ ಗೆರೆಗಳು ಉಳಿದವು. ಅವುಗಳನ್ನು ಹೋಗಲಾಡಿಸಲು ಇನ್ನೆರಡು ಬಕೆಟ್ಟು ನೀರು ಸುರಿಯಬೇಕಾಯಿತು. ಮೇಲ್ಮೈ ಎಳೆತವನ್ನು ವರ್ಷ ವರ್ಷವೂ ತರಗತಿಯಲ್ಲಿ ಬೋಧಿಸುವವರಿಗೆ ಇದು ಶೋಭಿಸುವ ಸಂಗತಿಯಲ್ಲ.

ಹಾಗಾದರೆ ಎಷ್ಟು ಸೋಪು ಸಾಕು? ಈ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಸೋಪು ಎಲ್ಲಿ ನಿಂತು ಕೆಲಸ ಮಾಡುವುದೆಂಬುದನ್ನು ಮೊದಲು ತಿಳಿಯಬೇಕು.

ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಸೆಳೆಯುತ್ತವೆ. ಆದುದರಿಂದ ನೀರಿನ ಮೇಲ್ಮೈ ಎಳೆದು ಕಟ್ಟಿದ ತೆಳುಪೊರೆಯಂತೆ ವರ್ತಿಸುವುದು. ೨೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಎಳೆತ ಸೆಂಟಿಮೀಟರಿಗೆ ಸುಮಾರು ೭೩ ಡೈನ್. ಎಣ್ಣೆ ಜಿಡ್ಡು ಹತ್ತಿದ ಲೋಹದ ಮೇಲೆ ಬರಿಯ ನೀರು ಹರಡದೆ ಗುಂಡುಗುಂಡಾಗಿ ನಿಲ್ಲುವುದಕ್ಕೆ ಇದೇ ಕಾರಣ. ಸೋಪಿನ ಅಣುವಾದರೋ ಎರಡು ಸ್ವಭಾವದ ಪ್ರಾಣಿ. ಅದರ ತಲೆಗೆ ನೀರು ಇಷ್ಟ. ಉದ್ದನೆಯ ಬಾಲಕ್ಕೆ ನೀರೆಂದರೆ ಆಗದು, ಎಣ್ಣೆ ಇಷ್ಟ. ನೀರಿಗೆ ಬಿದ್ದ ಕೂಡಲೆ ಇಂತಹ ಅಣುಗಳು ಮೇಲ್ಮೈಗೆ ಬಂದು, ತಲೆಯನ್ನು ನೀರಿನಲ್ಲಿ ಅದ್ದಿ ಬಾಲವನ್ನು ಹೊರಚಾಚಿ, ಒತ್ತೊತ್ತಾಗಿ ನಿಲ್ಲುತ್ತವೆ. ಜಿಡ್ಡು ಎದುರಾದರೆ ಬಾಲಗಳು ಜಿಡ್ಡಿನೊಳಕ್ಕೆ ಹೋಗುತ್ತವೆ. ಎಳೆತ ಸುಮಾರು ೩೦ ಡೈನ್‌ಗೆ ಇಳಿದು ನೀರು ಹರಡುವುದು. ಸೋಪಿನ ಕೆಲಸವೆಲ್ಲ ನಡೆಯುವುದು ಒಂದೇ ಒಂದು ಅಣುವಿನಷ್ಟು ದಪ್ಪದ ಈ ಪದರದಲ್ಲಿ!

ಈ ಪದರದ ವಿಚಾರವನ್ನು ಮೊಟ್ಟಮೊದಲು ಅಳೆದು ನೋಡಿದವರಲ್ಲಿ ಒಬ್ಬಾಕೆಯ ಪ್ರಯೋಗಶಾಲೆ ಅಡಿಗೆಮನೆಯಾಗಿದ್ದಿತು. ಜರ್ಮನಿಯ ಬ್ರೌನ್‌ಷ್ವೈಗ್ ಊರಿನ ಆಗ್ನೆಸ್ ಪೋಕೆಲ್ಸ್ (ಜನನ ೧೮೬೨) ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಆಕೆಯ ತಾರುಣ್ಯದಲ್ಲಿ ಅಲ್ಲಿ ಸ್ತ್ರೀಯರಿಗೆ ವಿಶ್ವವಿದ್ಯಾನಿಲಯದ ಪ್ರವೇಶವಿರಲಿಲ್ಲ. ತಾಯಿತಂದೆಗಳ ಆರೈಕೆಯ ನಡುವೆಯೇ ಆಕೆ ತಗಡಿನ ಉದ್ದನೆಯ ತಟ್ಟೆಯೊಂದನ್ನು ನೀರಿನಿಂದ ಅಂಚುಗೂಡ ತುಂಬಿ, ಅದರ ಮೇಲೆ ಅಡ್ಡಲಾಗಿ ತಗಡಿನ ಪಟ್ಟಿಯನ್ನಿಟ್ಟು, ಪಟ್ಟಿಯನ್ನು ಸರಿಸುತ್ತ ಜಿಡ್ಡು ತಾಗಿದ ಮೇಲ್ಮೈಯನ್ನು ಹಿಗ್ಗಿಸಿ ಕುಗ್ಗಿಸಿ ಎಳೆತವನ್ನು ಅಳೆದಳು. ಜಿಡ್ಡು ವಿರಳವಾಗಿ ಹರಡಿರುವಾಗ ಎಳೆತದಲ್ಲಿ ವ್ಯತ್ಯಾಸವೇ ಕಾಣದು; ಮೇಲ್ಮೈಯನ್ನು ಒಂದು ಮಿತಿಗಿಂತ ಕುಗ್ಗಿಸಿದೊಡನೆ ಎಳೆತ ಥಟ್ಟನೆ ಇಳಿಯತೊಡಗುವುದು. ಈ ಫಲಿತಾಂಶಗಳನ್ನು ಆಕೆ ಇಂಗ್ಲೆಂಡಿನ ಲಾರ್ಡ್ ರ‍್ಯಾಲೇಯವರಿಗೆ ಬರೆದು ಕಳುಹಿಸಿದಳು. ಅವರು ಆ ಪತ್ರವನ್ನು ೧೮೯೧ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆಕೆಯ ಹೆಸರಿನಲ್ಲಿಯೇ ಪ್ರಕಟವಾಗುವಂತೆ ಮಾಡಿದರು. ದೊಡ್ಡವರ ದೊಡ್ಡತನ ಇಂತಹ ಕಡೆ ಕಾಣುವುದು.

ಈಗ ಒಂದು ಲೆಕ್ಕ ಹಾಕೋಣ. ಚಿಕ್ಕ ಕಾರಿನ ಹೊರಮೈ ಸುಮಾರು ೧೦ ಚದರ ಮೀಟರ್ ಎಂದಿಟ್ಟುಕೊಳ್ಳೋಣ. ಶ್ಯಾಂಪೂಗಳಲ್ಲಿ ಬಳಕೆಯಲ್ಲಿರುವ ಸೋಡಿಯಂ ಲಾರಿಲ್ ಸಲ್ಫೇಟಿನ ಒಂದೊಂದು ಅಣುವೂ ಸುಮಾರು ಅರ್ಧ ಚದರ ನ್ಯಾನೋಮೀಟರ್ ಜಾಗವನ್ನು ಆಕ್ರಮಿಸುವುದು. ಭಾಗಿಸಿ ನೋಡಿದರೆ, ಇಡೀ ಕಾರಿಗೆ ಒಂದು ಅಣುಪದರ ಹೊದಿಸಲು ಬೇಕಾಗುವ ವಸ್ತು ಕೇವಲ ೧೦ ಮಿಲಿಗ್ರಾಂ. ಚಿಟಿಕೆಗೂ ಸಿಕ್ಕದಷ್ಟು!

ಆದರೆ ಹತ್ತು ಮಿಲಿಗ್ರಾಂ ಹಾಕಿ ಕಾರು ತೊಳೆಯಲು ಹೊರಟರೆ ಕೆಲಸ ಸಾಗದು. ಅಣುಗಳೆಲ್ಲವೂ ಮೇಲ್ಮೈಗೆ ಬರುವುದಿಲ್ಲ. ಒಂದಿಷ್ಟು ನೀರಿನೊಳಗೆ ಅಲೆದಾಡುತ್ತಲೇ ಇರಬೇಕು. ಒಳಗಿನವುಗಳ ಸಂಖ್ಯೆ ಹೆಚ್ಚಿದಂತೆ ಮೇಲಿನ ಪದರ ತುಂಬುತ್ತ ಬರುವುದು. ಅದು ತುಂಬಿದ ಮೇಲೂ ಸೋಪನ್ನು ಸುರಿಯುತ್ತ ಹೋದರೆ? ಆಗ ಅಣುಗಳು ನೀರಿನೊಳಗೇ ಬಾಲಗಳನ್ನು ಒಳಮುಖವಾಗಿಸಿ ಗುಂಪುಗೂಡಿ ಸಣ್ಣ ಉಂಡೆಗಳಾಗುತ್ತವೆ. ೧೯೧೩ರಲ್ಲಿ ಬ್ರಿಸ್ಟಲ್ಲಿನ ಮೆಕ್‌ಬೇನ್ ಈ ಕಲ್ಪನೆಯನ್ನು ಮುಂದಿಟ್ಟನು. ಈ ಉಂಡೆಗಳಿಗೆ ಮಿಸೆಲ್ ಎಂದು ಹೆಸರು. ಮಿಸೆಲ್ಲುಗಳು ಹುಟ್ಟಲು ತೊಡಗಿದ ಮೇಲೆ ಎಷ್ಟು ಸುರಿದರೂ ಎಳೆತ ಹೆಚ್ಚೇನೂ ಇಳಿಯದು. ಮೇಲೆ ಹೇಳಿದ ಸಲ್ಫೇಟಿಗೆ ಈ ಮಿತಿ ಶುದ್ಧ ನೀರಿನಲ್ಲಿ ಲೀಟರಿಗೆ ೨.೩ ಗ್ರಾಂ. ಮಾರುಕಟ್ಟೆಯ ಶ್ಯಾಂಪೂಗಳಲ್ಲಿ ಬೇರೆ ಬೇರೆ ಜಾತಿಯ ದ್ರವ್ಯಗಳನ್ನು ಬೆರೆಸಿರುವರು. ಬೆರಕೆಯ ಮಿತಿ ಇದಕ್ಕಿಂತ ಬಹಳ ಕಡಿಮೆಯಿರುವುದುಂಟು. ಮುಚ್ಚಳದ ಲೆಕ್ಕ ಬಂದುದು ಇಲ್ಲಿಂದ.

ನಿಮ್ಮ ಸೀಸೆಯ ಮಿತಿಯನ್ನು ನೀವೇ ಕಂಡುಹಿಡಿಯಬಹುದು. ಸೂಜಿ ತೆಗೆದ ಸಿರಿಂಜಿನಲ್ಲಿ ಮನೆಯ ನೀರನ್ನು ೨ ಮಿಲಿಲೀಟರಿನಷ್ಟು ತೆಗೆದುಕೊಂಡು, ನೆಟ್ಟಗೆ ಹಿಡಿದು, ನಿಧಾನವಾಗಿ ಹನಿಹನಿಯಾಗಿ ಬೀಳಿಸಿ ಎಣಿಸಿರಿ. ಹನಿಯ ತೂಕ ಮೇಲ್ಮೈ ಎಳೆತವನ್ನು ಅನುಸರಿಸುವುದರಿಂದ, ಎಳೆತ ಇಳಿದಂತೆ ಹನಿಗಳು ಚಿಕ್ಕವಾಗಿ ಅವುಗಳ ಸಂಖ್ಯೆ ಏರುವುದು. ಬಳಿಕ ಒಂದು ಲೀಟರ್ ನೀರಿಗೆ ಶ್ಯಾಂಪೂವನ್ನು ಕಾಲು ಮಿಲಿಲೀಟರಿನಂತೆ ಸೇರಿಸುತ್ತ, ನೊರೆಯೇಳದಂತೆ ಕಲಕಿ, ಪ್ರತಿಸಲವೂ ಅದೇ ೨ ಮಿಲಿಲೀಟರಿಗೆ ಎಷ್ಟು ಹನಿಗಳೆಂದು ಬರೆದಿಡಿರಿ. ಮೊದಮೊದಲು ಸಂಖ್ಯೆ ಏರುತ್ತ ಹೋಗಿ, ಒಂದು ಹಂತದಲ್ಲಿ ನಿಂತುಬಿಡುವುದು. ಆ ಹಂತದ ಪ್ರಮಾಣವನ್ನು ಹತ್ತರಿಂದ ಗುಣಿಸಿದರೆ ಹತ್ತು ಲೀಟರಿನ ಬಕೆಟ್ಟಿಗೆ ಬೇಕಾದುದು ಸಿಕ್ಕುವುದು. ಅವಸರ ಮಾಡಿದರೆ ಲೆಕ್ಕ ಕೆಡುವುದು. ಹೊಸದಾಗಿ ಹುಟ್ಟುವ ಹನಿಯ ಮೈಗೆ ಅಣುಗಳು ಬಂದು ಸೇರಲು ಸ್ವಲ್ಪ ಕಾಲ ಬೇಕು. ಕಾಲೇಜಿನ ಪ್ರಯೋಗಪುಸ್ತಕದಲ್ಲಿ ಬರೆಯಲು ತಕ್ಕ ನಕ್ಷೆ ಇದರಿಂದ ದೊರೆಯುವುದು.

ಮಿತಿ ಸಿಕ್ಕಿತೆಂದು ಅದಕ್ಕಿಂತ ಕೆಳಗೆ ಇಳಿಯತಕ್ಕದ್ದಲ್ಲ. ಕೊಳೆಯೇ ಒಂದಿಷ್ಟು ಸೋಪನ್ನು ನುಂಗುವುದರಿಂದ ತುಸು ಹೆಚ್ಚು ಇರಬೇಕು. ಮೇಲಾಗಿ ಸೋಪುನೀರು ಬಟ್ಟೆಗೂ ಬಣ್ಣಕ್ಕೂ ನಡುವೆ ಜಾರುಪದರವಾಗಿ ನಿಲ್ಲುವುದು. ಅದು ಇಲ್ಲದೆ ಉಜ್ಜಿದರೆ ರಸ್ತೆಯ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣಗಳು ಬಣ್ಣವನ್ನು ಗೀರುತ್ತವೆ. ಈಗಿನ ಕಾರುಗಳ ಬಣ್ಣದ ಮೇಲಿನ ಪಾರದರ್ಶಕ ಲೇಪ ಸುಮಾರು ೪೦ರಿಂದ ೫೦ ಮೈಕ್ರಾನ್ ದಪ್ಪ, ತಲೆಗೂದಲಿಗಿಂತಲೂ ತೆಳ್ಳಗೆ. ಹತ್ತು ರೂಪಾಯಿಯ ಶ್ಯಾಂಪೂ ಉಳಿಸಲು ಹೋಗಿ ಅದನ್ನು ಕಳೆದುಕೊಂಡರೆ ಮರಳಿ ಬಾರದು.

ಹೆಚ್ಚು ಹಾಕಿದುದರ ನಿಜವಾದ ದಂಡ ಕಟ್ಟುವುದು ನೀರಿನಲ್ಲಿ. ೨೦೨೪ರ ಮಾರ್ಚಿಯಲ್ಲಿ ಬರದಿಂದ ಕಂಗೆಟ್ಟ ಬೆಂಗಳೂರಿನಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ ೫,೦೦೦ ರೂಪಾಯಿ ದಂಡ ವಿಧಿಸುವುದಾಗಿ ಸಾರಿದುದನ್ನು ವಾಚಕರು ಮರೆತಿರಲಾರರು. ನೀರನ್ನು ಉಳಿಸಲು ಒಂದು ಸರಳ ಗಣಿತ ಸಹಾಯಕ್ಕೆ ಬರುವುದು. ಹಿಂಡಿದ ಬಟ್ಟೆಯಲ್ಲಿ ೧೦೦ ಮಿಲಿಲೀಟರ್ ಕೊಳೆನೀರು ಉಳಿಯುವುದೆನ್ನೋಣ. ಅದನ್ನು ೯೦೦ ಮಿಲಿಲೀಟರ್ ನೀರಿನಲ್ಲಿ ಒಮ್ಮೆಗೇ ಜಾಲಿಸಿ ಹಿಂಡಿದರೆ ಕೊಳೆಯ ಹತ್ತನೆಯ ಒಂದು ಪಾಲು ಉಳಿಯುವುದು. ಅದೇ ನೀರನ್ನು ೩೦೦ರಂತೆ ಮೂರು ಪಾಲು ಮಾಡಿ ಮೂರು ಸಲ ಜಾಲಿಸಿದರೆ ಪ್ರತಿಸಲವೂ ನಾಲ್ಕನೆಯ ಒಂದು ಪಾಲು ಉಳಿದು, ಕೊನೆಗೆ ಅರವತ್ತನಾಲ್ಕನೆಯ ಒಂದು ಪಾಲಾಗುವುದು. ನೀರು ಒಂದೇ, ಶುದ್ಧಿ ಆರು ಪಟ್ಟಿಗಿಂತಲೂ ಹೆಚ್ಚು. ನಮ್ಮ ಅಜ್ಜಿಯಂದಿರು ಅಕ್ಕಿಯನ್ನು ತೊಳೆಯುತ್ತಿದ್ದುದೂ ಹೀಗೆಯೇ.

ಮೇಣದ ವಿಷಯವೂ ಇದೇ ಜಾತಿಯದು. ೧೭೭೪ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಲಂಡನ್ನಿನ ಕ್ಲ್ಯಾಪಮ್ ಬಯಲಿನ ಕೊಳದ ಮೇಲೆ ಒಂದು ಚಮಚಕ್ಕೆ ಮೀರದ ಎಣ್ಣೆ ಅರ್ಧ ಎಕರೆಯಷ್ಟು ಹರಡಿ ಅಲೆಗಳನ್ನು ಅಡಗಿಸಿದುದನ್ನು ವರ್ಣಿಸಿದನು. ಚಮಚವನ್ನು ೪ ಘನ ಸೆಂಟಿಮೀಟರ್ ಎಂದು ಹಿಡಿದರೆ ಪದರದ ದಪ್ಪ ಮಿಲಿಮೀಟರಿನ ಹತ್ತು ಲಕ್ಷ ಪಾಲುಗಳಲ್ಲಿ ಎರಡು ಮಾತ್ರ! ಕಾರಿನ ಮೇಲೆ ಕೈಯಿಂದ ಇಷ್ಟು ತೆಳ್ಳಗೆ ಹಚ್ಚಲಾಗದು, ನಿಜ. ಆದರೂ ಒಂದು ಮೈಕ್ರಾನ್ ದಪ್ಪದ ಪದರಕ್ಕೆ ಹತ್ತು ಚದರ ಮೀಟರಿಗೆ ಬೇಕಾದುದು ೧೦ ಘನ ಸೆಂಟಿಮೀಟರ್ ಮೇಣ. ಎರಡು ಚಹಾ ಚಮಚದಷ್ಟು. ದಪ್ಪಗೆ ಮೆತ್ತಿದುದೆಲ್ಲ ಒರೆಸುವಾಗ ಬಟ್ಟೆಯ ಪಾಲಾಗುವುದು, ಒರೆಸುವ ಕೈಗೂ ನೋವು. ಸ್ಪಂಜನ್ನು ಮೊದಲು ಒದ್ದೆ ಮಾಡಿ ಹಿಂಡಿಕೊಂಡರೆ ಅದು ಮೇಣವನ್ನು ಅಷ್ಟಾಗಿ ಹೀರದು. ಆದರೆ ಸೆರಾಮಿಕ್ ಲೇಪಗಳ ಮೇಲೆ ಈ ಮಿತವ್ಯಯವನ್ನು ಪ್ರಯೋಗಿಸಬೇಡಿರಿ. ಅವು ತೇವಾಂಶದೊಡನೆ ವರ್ತಿಸಿ ಗಟ್ಟಿಯಾಗುವ ವಸ್ತುಗಳಾದುದರಿಂದ ನೀರು ಬೆರೆಸಿದರೆ ಸೀಸೆಯೇ ಹಾಳು.

ಬೆರೆಸುವಾಗ ಒಂದು ಎಚ್ಚರ: ಒಂದಕ್ಕೆ ಹತ್ತು ಎಂದು ಬರೆದಿದ್ದರೆ ಒಂದು ಪಾಲು ದ್ರವಕ್ಕೆ ಹತ್ತು ಪಾಲು ನೀರು, ಒಟ್ಟು ಹನ್ನೊಂದು. ತುಂತುರು ಸೀಸೆಯಿಂದ ಕಾರಿನ ಮೇಲೆ ಚಿಮ್ಮಿಸುವ ಬದಲು ಬಟ್ಟೆಗೆ ಚಿಮ್ಮಿಸಿಕೊಂಡರೆ ಗಾಳಿಗೆ ಹೋಗುವುದು ಉಳಿಯುವುದು. ಕೊಳವೆಬಾವಿಯ ಗಡಸು ನೀರಾದರೆ ಬಿಸಿಲೇರುವ ಮೊದಲೇ ತೊಳೆದು ಕೂಡಲೆ ಒರೆಸಬೇಕು. ತಾನಾಗಿ ಒಣಗಲು ಬಿಟ್ಟರೆ ನೀರು ಆವಿಯಾಗಿ, ಅದರಲ್ಲಿದ್ದ ಸುಣ್ಣದ ಅಂಶ ಚುಕ್ಕಿಚುಕ್ಕಿಯಾಗಿ ಕುಳಿತುಬಿಡುವುದು. ಒರೆಸುವ ಮೈಕ್ರೋಫೈಬರ್ ಬಟ್ಟೆಯನ್ನು ಒಗೆಯುವಾಗ ಮೆದುಗೊಳಿಸುವ ದ್ರವವನ್ನು ಹಾಕಬಾರದು. ಅದರ ಅಣುಗಳು ಎಳೆಗಳ ಮೈಗೆ ಅಂಟಿಕೊಂಡು ಬಟ್ಟೆ ನೀರನ್ನು ಹೀರುವುದನ್ನೇ ಕಡಿಮೆ ಮಾಡುವುವು. ಆಮೇಲೆ ಬೋನೆಟ್ಟಿನ ಮೇಲೆ ಎಷ್ಟು ಸಲ ಎಳೆದರೂ ನೀರು ಬಟ್ಟೆಯ ಹಿಂದೆ ಹಿಂದೆಯೇ ಬರುತ್ತಿರುವುದು.