ಮಳೆಗಾಲದ ಸೈಕಲ್ ಸವಾರಿ: ಜ್ವರ ಬಂದರೆ ಮಳೆಯನ್ನೇ ದೂರಬೇಡಿ

ಪುನರ್ವಸು, ಪುಷ್ಯ ಮಳೆಗಳು ಹಿಡಿದವೆಂದರೆ ಹಾಸನದ ಸುತ್ತಮುತ್ತ ಬಿಸಿಲು ಕಾಣುವುದೇ ಅಪರೂಪ. ಸಕಲೇಶಪುರದ ಘಟ್ಟದಲ್ಲಿ ಬೋರೆಂದು ಸುರಿಯುವ ಮಳೆ ನಮ್ಮ ಕಡೆಗೆ ಬರುವಷ್ಟರಲ್ಲಿ ಸೋನೆಯಾಗಿರುತ್ತದೆ; ಆದರೆ ಬೆಳಗಿನಿಂದ ಸಂಜೆಯವರೆಗೆ ಬಿಡದೆ ಜಿನುಗುತ್ತದೆ. ಊರು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಎತ್ತರದಲ್ಲಿರುವುದರಿಂದ ಜೊತೆಗೆ ಚಳಿಗಾಳಿ ಬೇರೆ. ಇಂಥ ದಿನಗಳಲ್ಲೂ ಬೂವನಹಳ್ಳಿ ಮತ್ತು ಅಕ್ಕಪಕ್ಕದ ಹಳ್ಳಿಗಳಿಂದ ಹಾಸನದ ಕಾರ್ಖಾನೆ, ಗ್ಯಾರೇಜು, ಅಂಗಡಿ, ಕಟ್ಟಡದ ಕೆಲಸಗಳಿಗೆ ಸೈಕಲ್ ತುಳಿದು ಬರುವವರಿದ್ದಾರೆ. ಬೈಕು, ಮೋಪೆಡ್ಡುಗಳು ಬಂದ ಮೇಲೆ ಮೊದಲಿನಷ್ಟಿಲ್ಲ, ನಿಜ. ಆದರೆ 2006-07ರಿಂದ ಹಲವು ವರ್ಷ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳಲ್ಲಿ ಎಷ್ಟೋ, ಮಕ್ಕಳ ಓದು ಮುಗಿದ ಮೇಲೆ ಅಪ್ಪಂದಿರ ಕೈ ಸೇರಿ ಇಂದಿಗೂ ಓಡುತ್ತಿವೆ.

ಅಂಥ ಸವಾರರೊಬ್ಬರನ್ನು ಒಂದು ಮಳೆಗಾಲದಲ್ಲಿ ಅವರ ಪತ್ನಿ ನನ್ನ ಕ್ಲಿನಿಕ್ಕಿಗೆ ಕೈಹಿಡಿದು ಕರೆತಂದರು. ವಯಸ್ಸು ನಲವತ್ತರ ಆಸುಪಾಸು, ಗಟ್ಟಿಮುಟ್ಟಾದ ಆಳು. "ಮಳೇಲಿ ನೆಂದು ಜ್ವರ ಬಂದೈತೆ ಡಾಕ್ಟ್ರೇ, ಒಂದು ಇಂಜೆಕ್ಷನ್ ಕೊಟ್ಬಿಡಿ, ನಾಳೆ ಡ್ಯೂಟಿಗೆ ಹೋಗ್ಬೇಕು" ಎಂದರು. ಜ್ವರಕ್ಕೆ ಅದು ಐದನೆಯ ದಿನ. ನಾಲ್ಕು ದಿನ ಔಷಧಿ ಅಂಗಡಿಯಿಂದ ಮೈಕೈನೋವಿನ ಮಾತ್ರೆ ತಂದು ನುಂಗಿದ್ದರು. ಕಣ್ಣು ನೋಡಿದೆ, ಕೆಂಪಗಿತ್ತು, ಕೆಂಪಿನ ಹಿಂದೆ ಹಳದಿಯ ಛಾಯೆಯೂ ಇತ್ತು. ಮೀನಖಂಡವನ್ನು ಮೆತ್ತಗೆ ಒತ್ತಿದ್ದಕ್ಕೇ "ಅಯ್ಯಪ್ಪಾ" ಎಂದು ಕಾಲು ಎಳೆದುಕೊಂಡರು. ಹಿಂದಿನ ದಿನದಿಂದ ಮೂತ್ರ ಸರಿಯಾಗಿ ಹೋಗುತ್ತಿಲ್ಲವೆಂದು ಅವರಲ್ಲ, ಪತ್ನಿ ಹೇಳಿದರು. ಪಾದ ನೋಡಿದರೆ ಹಿಮ್ಮಡಿ ಒಡೆದಿದೆ, ಹೆಬ್ಬೆರಳ ಬಳಿ ಪೆಡಲು ತಗುಲಿ ಆದ ಗಾಯ ಇನ್ನೂ ಒಣಗಿಲ್ಲ. ಮನೆಯಿಂದ ಟಾರು ರಸ್ತೆಯವರೆಗೆ ಕೊಟ್ಟಿಗೆ, ತಿಪ್ಪೆಗಳ ಪಕ್ಕದ ಕೆಸರುನೀರಿನಲ್ಲಿ ದಿನಾ ಬರಿಗಾಲಲ್ಲಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದರಂತೆ.

ಅದು ಮಳೆಯ ಜ್ವರವಲ್ಲ, ಇಲಿಜ್ವರ. ಲೆಪ್ಟೊಸ್ಪೈರೋಸಿಸ್ ಎಂದು ಅದರ ವೈದ್ಯಕೀಯ ಹೆಸರು. ತಕ್ಷಣ ದೊಡ್ಡಾಸ್ಪತ್ರೆಗೆ ಕಳುಹಿಸಿದೆ. ಮೂತ್ರಪಿಂಡಗಳು ಕೆಲಸ ನಿಲ್ಲಿಸುವ ಹಂತಕ್ಕೆ ಬಂದಿದ್ದವು. ಎರಡು ಸಲ ಡಯಾಲಿಸಿಸ್ ಮಾಡಬೇಕಾಯಿತು. ಬದುಕಿದರು. ಎರಡನೆಯ ದಿನವೇ ಬಂದಿದ್ದರೆ ಪ್ರಾಯಶಃ ಮಾತ್ರೆಯಲ್ಲೇ ಮುಗಿಯುತ್ತಿತ್ತು. ಅವರನ್ನು ತಡೆದದ್ದು ಬಡತನವಲ್ಲ, ದೂರವೂ ಅಲ್ಲ. "ನೆನೆದದ್ದಕ್ಕೆ ಬಂದ ಜ್ವರ, ತಾನಾಗೇ ಹೋಗುತ್ತದೆ" ಎಂಬ ನಂಬಿಕೆ.

ಹಾಗಾದರೆ ಮಳೆಯಲ್ಲಿ ನೆನೆದರೆ ಜ್ವರ ಬರುವುದಿಲ್ಲವೇ? ಮಳೆನೀರಿನಲ್ಲಿ ಜ್ವರವಿಲ್ಲ. ನೆಗಡಿ, ಫ್ಲೂ ಬರುವುದು ವೈರಸ್ಸಿನಿಂದ. ಅದು ಒಬ್ಬರಿಂದೊಬ್ಬರಿಗೆ ಕೆಮ್ಮು, ಸೀನು, ಕೈಗಳ ಮೂಲಕ ದಾಟುತ್ತದೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಬಸ್ಸಿನಲ್ಲಿ ಒತ್ತಾಗಿ ಇರುವುದರಿಂದ ಅದಕ್ಕೆ ಅನುಕೂಲ. ಆ ಲೆಕ್ಕದಲ್ಲಿ ಕಿಕ್ಕಿರಿದ ಬಸ್ಸಿಗಿಂತ ಬಯಲಿನಲ್ಲಿ ಒಂಟಿಯಾಗಿ ಹೋಗುವ ಸೈಕಲ್ಲೇ ವಾಸಿ ಎನ್ನಬೇಕು.

ಆದರೆ ಮನೆಯ ಅಜ್ಜಿಯರ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. 2005ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನ ಸಂಶೋಧಕರು ತೊಂಬತ್ತು ಮಂದಿಯ ಪಾದಗಳನ್ನು ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ಇಡಿಸಿದರು. ಇನ್ನು ತೊಂಬತ್ತು ಮಂದಿ ಖಾಲಿ ಪಾತ್ರೆಯಲ್ಲಿ ಪಾದವಿಟ್ಟು ಕುಳಿತರು. ಮುಂದಿನ ನಾಲ್ಕೈದು ದಿನಗಳಲ್ಲಿ ತಣ್ಣೀರಿನವರಲ್ಲಿ 13 ಮಂದಿ, ಖಾಲಿ ಪಾತ್ರೆಯವರಲ್ಲಿ 5 ಮಂದಿ ನೆಗಡಿಯಾಯಿತೆಂದರು. ಪಾದ ತಣ್ಣಗಾದಾಗ ಮೂಗಿನ ಒಳಪದರದ ರಕ್ತನಾಳಗಳು ಕುಗ್ಗಿ, ಅಲ್ಲಿ ಮೊದಲೇ ಅಡಗಿದ್ದ ವೈರಸ್ಸಿಗೆ ಎಡೆ ಸಿಗುತ್ತದೆಂಬುದು ಅವರ ಊಹೆ. ಯಾರ ಮೂಗಿನಲ್ಲಿ ವೈರಸ್ ಇತ್ತೆಂದು ಪರೀಕ್ಷಿಸಿ ನೋಡಲಿಲ್ಲವಾದ್ದರಿಂದ ಇದನ್ನು ಕೊನೆಯ ಮಾತೆನ್ನಲಾಗದು. ಹೇಗಿದ್ದರೂ ಅದು ನೆಗಡಿಯ ಮಾತು. ಮೈಸುಡುವ ಜ್ವರಕ್ಕೆ ಬೇರೆ ಕಾರಣವನ್ನೇ ಹುಡುಕಬೇಕು.

ಸೈಕಲ್ ತುಳಿಯುವಾಗ ಸ್ನಾಯುಗಳು ದುಡಿದು ಮೈ ಬಿಸಿಯಾಗಿರುತ್ತದೆ. ನೆನೆದರೂ ಚಳಿ ಗೊತ್ತಾಗುವುದಿಲ್ಲ. ತೊಂದರೆ ಶುರುವಾಗುವುದು ಇಳಿದ ಮೇಲೆ. ನೆನೆದ ಹತ್ತಿಯ ಅಂಗಿ, ಪ್ಯಾಂಟುಗಳಲ್ಲಿ ಅರ್ಧ ಲೀಟರಿನಷ್ಟು ನೀರು ಸುಲಭವಾಗಿ ನಿಲ್ಲುತ್ತದೆ. ಅಷ್ಟು ನೀರು ಆರಿಹೋಗಲು ಸುಮಾರು 290 ಕಿಲೋಕ್ಯಾಲರಿ ಶಾಖ ಬೇಕು, ಅಂದರೆ ನೂರು ಗ್ರಾಂ ಹಿಟ್ಟಿನ ರಾಗಿಮುದ್ದೆ ಕೊಡುವ ಶಕ್ತಿಗೆ ಹತ್ತಿರ. ಅದರಲ್ಲಿ ಗಾಳಿ ಸ್ವಲ್ಪ ಕೊಡುತ್ತದೆ, ಉಳಿದದ್ದನ್ನು ಮೈಯಿಂದಲೇ ಕಿತ್ತುಕೊಳ್ಳುತ್ತದೆ. ನೆನೆದ ಬಟ್ಟೆಯಲ್ಲೇ ಫ್ಯಾನಿನ ಕೆಳಗೆ ಎಂಟು ಗಂಟೆ ಕೂರುವವರಿಗೆ ನಡುಕ, ಮೈಕೈನೋವು ಬಂದರೆ ಆಶ್ಚರ್ಯವಿಲ್ಲ. ಉಬ್ಬಸದವರಿಗೆ ಇದು ಇನ್ನೂ ಕಷ್ಟ. ಆದ್ದರಿಂದ ಒಂದು ಜೊತೆ ಒಣಬಟ್ಟೆ, ಒಳಉಡುಪು, ಸಣ್ಣ ಟವೆಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಕ್ಯಾರಿಯರಿಗೆ ಸಿಕ್ಕಿಸಿಕೊಳ್ಳಿ. ರೇನ್‌ಕೋಟು ಎಷ್ಟೇ ಒಳ್ಳೆಯದಿರಲಿ, ಒಳಗೆ ಬೆವರಿನಿಂದ ನೆನೆದೇ ನೆನೆಯುತ್ತೀರಿ. ನಮ್ಮ ಹಿರಿಯರು ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದೆಯುತ್ತಿದ್ದುದಕ್ಕೆ ಅರ್ಥವಿತ್ತು; ಉಣ್ಣೆ ನೆನೆದರೂ ಅದರ ಎಳೆಗಳ ನಡುವೆ ಗಾಳಿ ಉಳಿದು ಬೆಚ್ಚಗಿಡುತ್ತದೆ, ಹತ್ತಿಗೆ ಆ ಗುಣವಿಲ್ಲ. ಕಂಬಳಿ ಹೊದ್ದು ಸೈಕಲ್ ತುಳಿಯಿರೆಂದು ಹೇಳುತ್ತಿಲ್ಲ, ಅದು ಚಕ್ರಕ್ಕೆ ಸಿಕ್ಕೀತು. ಅಂಗಿಯ ಕೆಳಗೆ ತೆಳ್ಳನೆಯ ಉಣ್ಣೆಯ ಬನಿಯನ್ ಹಾಕಿದರೆ ಸಾಕು. ಬಟ್ಟೆ ಬದಲಿಸಲು ಒಂದು ಮೂಲೆ, ನೆನೆದದ್ದನ್ನು ಹರವಲು ಒಂದು ಹಗ್ಗ, ಇಷ್ಟನ್ನು ಕೆಲಸ ಕೊಡುವವರು ಒದಗಿಸಬಹುದು. ಖರ್ಚಿನ ಬಾಬತ್ತೇನೂ ಅಲ್ಲ.

ಇನ್ನು ಪಾದಗಳ ವಿಚಾರ. ಮಳೆಗಾಲದಲ್ಲಿ ಸೈಕಲ್ ಸವಾರರ ಶತ್ರು ತಲೆಯ ಮೇಲಿನ ನೀರಲ್ಲ, ಕಾಲ ಕೆಳಗಿನ ನೀರು. ಇಲಿ, ಹೆಗ್ಗಣ, ದನ, ನಾಯಿ, ಹಂದಿಗಳ ಮೂತ್ರದಲ್ಲಿ ಇಲಿಜ್ವರದ ರೋಗಾಣು ಇರಬಹುದು. ಆ ಪ್ರಾಣಿಗಳು ಚೆನ್ನಾಗಿಯೇ ಇದ್ದಂತೆ ಕಾಣಬಹುದು. ಮೂತ್ರ ಬೆರೆತ ಕೆಸರು, ನಿಂತ ನೀರಿನಲ್ಲಿ ರೋಗಾಣು ವಾರಗಟ್ಟಲೆ ಬದುಕಬಲ್ಲದು. ಚರ್ಮದ ಗೀರು, ಒಡಕು, ನೆನೆದು ಮೆತ್ತಗಾದ ಬೆರಳಸಂದಿ, ಕಣ್ಣು, ಬಾಯಿಗಳ ಮೂಲಕ ಒಳಹೊಗುತ್ತದೆ. ಜ್ವರ ಕಾಣಿಸುವುದು ಸಾಮಾನ್ಯವಾಗಿ ಐದರಿಂದ ಹದಿನಾಲ್ಕು ದಿನಗಳ ನಂತರ. ಅಷ್ಟರಲ್ಲಿ ಕೆಸರು ತುಳಿದದ್ದು ಮರೆತಿರುತ್ತದೆ, ನಿನ್ನೆ ನೆನೆದದ್ದು ಮಾತ್ರ ನೆನಪಿರುತ್ತದೆ. 1886ರಲ್ಲಿ ಜರ್ಮನಿಯ ಅಡಾಲ್ಫ್ ವೈಲ್ ಎಂಬ ವೈದ್ಯರು ಜ್ವರ, ಕಾಮಾಲೆ, ಮೂತ್ರಪಿಂಡದ ತೊಂದರೆ ಒಟ್ಟಿಗೆ ಬರುವ ಇದರ ಉಗ್ರರೂಪವನ್ನು ವಿವರಿಸಿದರು. ಅದನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತೇವೆ. ಎಲ್ಲರಿಗೂ ಅಷ್ಟು ಉಗ್ರವಾಗುವುದಿಲ್ಲ. ಹೆಚ್ಚಿನವರಲ್ಲಿ ಫ್ಲೂ ಜ್ವರದಂತೆ ಬಂದು ಹೋಗುತ್ತದೆ. ಯಾರಲ್ಲಿ ಉಗ್ರವಾದೀತೆಂದು ಮೊದಲ ದಿನ ಹೇಳಲಾಗದಿರುವುದೇ ವೈದ್ಯರ ಪೇಚು.

ಮಳೆಗಾಲದಲ್ಲಿ ಜ್ವರ ಬಂದು ಎರಡು ದಿನವಾದರೂ ಇಳಿಯದಿದ್ದರೆ ವೈದ್ಯರನ್ನು ಕಾಣಿ. ಮೀನಖಂಡದ ನೋವು, ಕೆಂಪುಕಣ್ಣು, ಹಳದಿ ಕಣ್ಣು, ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಹೋಗಿ. ಹೋದಾಗ "ಮಳೇಲಿ ನೆಂದೆ" ಎನ್ನುವ ಬದಲು "ಕೆಸರುನೀರು ತುಳಿದೆ, ಕಾಲಲ್ಲಿ ಗಾಯ ಇತ್ತು" ಎನ್ನಿ. ಆ ಒಂದು ಮಾತು ನಮ್ಮನ್ನು ಸರಿಯಾದ ಪರೀಕ್ಷೆಯ ಕಡೆ ತಿರುಗಿಸುತ್ತದೆ. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್, ಪೆನಿಸಿಲಿನ್‌ನಂಥ ಹಳೆಯ, ಅಗ್ಗದ ಔಷಧಿಗಳಿಗೇ ಇದು ಬಗ್ಗುತ್ತದೆ. ಅಲ್ಲಿಯವರೆಗೆ ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ ಸಾಕು. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳನ್ನು ಕೇಳಿ ತಂದು ನುಂಗಬೇಡಿ. ಇಲಿಜ್ವರವಾಗಿದ್ದರೆ ದಣಿದ ಮೂತ್ರಪಿಂಡಕ್ಕೆ ಅವು ಮತ್ತೊಂದು ಪೆಟ್ಟು, ಡೆಂಗಿಯಾಗಿದ್ದರೆ ರಕ್ತಸ್ರಾವಕ್ಕೆ ದಾರಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಗಿ ಬಂದುದನ್ನು ಓದುಗರು ಮರೆತಿರಲಾರರು. 2018ರ ಪ್ರವಾಹದ ನಂತರ ಕೇರಳದಲ್ಲಿ ನೀರಿಗಿಳಿದವರಿಗೆ ಮುಂಜಾಗ್ರತೆಯಾಗಿ ಡಾಕ್ಸಿಸೈಕ್ಲಿನ್ ಹಂಚಿದ್ದರು. ಅದನ್ನು ಕೇಳಿ ಪ್ರತಿ ಮಳೆಗೂ ಮಾತ್ರೆ ನುಂಗುವವರಿದ್ದಾರೆ. ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ ಅದು ಸಲ್ಲದ ಔಷಧಿ. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರಿಗೇ ಬಿಡಿ.

ತಡೆಯುವುದು ಇದಕ್ಕಿಂತ ಸುಲಭ. ಕೆಸರಿನ ದಾರಿಯಲ್ಲಿ ಸೈಕಲ್ ತಳ್ಳುವಾಗ ಗಂಬೂಟು ಹಾಕಿ. ಅದರಲ್ಲಿ ದೂರ ತುಳಿಯುವುದು ಕಷ್ಟವಾದರೆ ಟಾರು ರಸ್ತೆಗೆ ಬಂದ ಮೇಲೆ ಹಿಮ್ಮಡಿಗೆ ಪಟ್ಟಿಯಿರುವ ಪ್ಲಾಸ್ಟಿಕ್ ಸ್ಯಾಂಡಲ್ಲಿಗೆ ಬದಲಿಸಿ. ಹವಾಯಿ ಚಪ್ಪಲಿ ಒದ್ದೆ ಪೆಡಲಿನ ಮೇಲಿಂದ ಜಾರುತ್ತದೆ. ನಾನು ಕಂಡ ಹೆಬ್ಬೆರಳ ಗಾಯಗಳಲ್ಲಿ ಅನೇಕ ಹಾಗೆ ಆದವು. ಗಾಯವಿದ್ದರೆ ನೀರು ತಾಗದಂತೆ ಪಟ್ಟಿ ಹಾಕಿ. ಕೆಲಸದ ಜಾಗ ತಲುಪಿದೊಡನೆ, ಮತ್ತೆ ಸಂಜೆ ಮನೆಯಲ್ಲಿ, ಪಾದಗಳನ್ನು ಸೋಪು ಹಾಕಿ ತೊಳೆದು ಬೆರಳ ಸಂದಿಗಳನ್ನು ಒಣಬಟ್ಟೆಯಿಂದ ಒರೆಸಿ. ಹಿಮ್ಮಡಿಯ ಒಡಕಿಗೆ ರಾತ್ರಿ ವ್ಯಾಸಲಿನ್ ಹಚ್ಚಿದರೂ ಪ್ರಯೋಜನವಿದೆ. ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶಜ್ಞಾನ ಕುಂದಿರುವುದರಿಂದ ಒದ್ದೆ ಶೂ ಉಜ್ಜಿ ಗುಳ್ಳೆಯೆದ್ದರೂ ತಿಳಿಯುವುದಿಲ್ಲ. ಅಂಥವರ ಪಾದದ ಅಡಿಯನ್ನು ಮನೆಯವರೇ ದಿನಕ್ಕೊಮ್ಮೆ ದೀಪದ ಬೆಳಕಿನಲ್ಲಿ ನೋಡಲಿ.

ಒದ್ದೆ ಬಟ್ಟೆ, ಸೈಕಲ್ ಸೀಟು ಎರಡೂ ಸೇರಿದಲ್ಲಿ ತೊಡೆಸಂದಿಯ ಹುಳುಕಡ್ಡಿಗೆ ಹಬ್ಬ. ಸಂಕೋಚದಿಂದ ಯಾರಿಗೂ ಹೇಳದೆ ಅಂಗಡಿಯಿಂದ ಕ್ರೀಮು ತಂದು ಹಚ್ಚುತ್ತಾರೆ. ಅವುಗಳಲ್ಲಿ ಹಲವಕ್ಕೆ ಸ್ಟಿರಾಯ್ಡ್ ಬೆರೆಸಿರುತ್ತದೆ. ಎರಡು ದಿನ ತುರಿಕೆ ನಿಂತು ಸುಖವೆನಿಸುತ್ತದೆ, ಒಳಗೊಳಗೇ ಶಿಲೀಂಧ್ರ ಹರಡುತ್ತದೆ, ಆಮೇಲೆ ತಿಂಗಳುಗಟ್ಟಲೆ ಔಷಧಿ. ನಾಚಿಕೆ ಬಿಟ್ಟು ಮೊದಲೇ ತೋರಿಸಿ.

ರೋಗದ ಮಾತು ಇಷ್ಟಾಯಿತು. ಆದರೆ ಮಳೆಗಾಲದಲ್ಲಿ ಸೈಕಲ್ ಸವಾರರು ಆಸ್ಪತ್ರೆಗೆ ಬರಲು ಬೀಳುವುದೂ ಒಂದು ಮುಖ್ಯ ಕಾರಣ. ನಮ್ಮ ಸಾಮಾನ್ಯ ಸೈಕಲ್ಲಿನ ಉಕ್ಕಿನ ರಿಮ್ಮು ನೆನೆದರೆ ಬ್ರೇಕಿನ ರಬ್ಬರಿಗೆ ಹಿಡಿತವೇ ಸಿಗುವುದಿಲ್ಲ. ಚಕ್ರ ಹಲವು ಸುತ್ತು ತಿರುಗಿ ನೀರು ಒರೆಸಿಹೋದ ಮೇಲಷ್ಟೇ ಹಿಡಿಯುತ್ತದೆ. ಗಂಟೆಗೆ ಹದಿನೈದು ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ನಾಲ್ಕು ಮೀಟರಿಗೂ ಹೆಚ್ಚು. ಬ್ರೇಕು ಎರಡು ಸೆಕೆಂಡು ತಡವಾದರೆ ಎಂಟು ಮೀಟರ್ ಮುಂದಿರುತ್ತೀರಿ, ಅಲ್ಲಿ ಬಸ್ಸಿನ ಹಿಂಭಾಗವಿರಬಹುದು. ತಿರುವು, ಇಳಿಜಾರುಗಳಿಗೆ ಸಾಕಷ್ಟು ಮುಂಚೆಯೇ ಮೆಲ್ಲಗೆ ಬ್ರೇಕು ಒತ್ತುತ್ತಾ ಬನ್ನಿ. ಸವೆದ ರಬ್ಬರನ್ನು ಮಳೆಗಾಲಕ್ಕೆ ಮೊದಲೇ ಬದಲಿಸಿ. ಒಂದು ಕೈಯಲ್ಲಿ ಛತ್ರಿ ಹಿಡಿದು ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿಯುವ ಪದ್ಧತಿಯನ್ನಂತೂ ದಯವಿಟ್ಟು ಬಿಡಿ. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಲಾರಿ ಪಕ್ಕದಲ್ಲಿ ಹಾದಾಗ ಏಳುವ ಗಾಳಿಗೆ ಛತ್ರಿ ಹಾಯಿಯಂತೆ ಉಬ್ಬಿ ಸವಾರನನ್ನೇ ಎಳೆಯುತ್ತದೆ. ಸಂಜೆಯ ಸೋನೆಯಲ್ಲಿ ಲಾರಿಯವರ ಗಾಜಿನ ಮೇಲೆ ನೀರು, ಎದುರಿನ ದೀಪದ ಹೊಳಪು. ಕಪ್ಪು ರೇನ್‌ಕೋಟು ಅವರಿಗೆ ಕಾಣುವುದೇ ಇಲ್ಲ. ಹಳದಿಯದನ್ನು ಕೊಳ್ಳಿ, ಹಿಂದಿನ ಮಡ್‌ಗಾರ್ಡಿನ ಕೆಂಪು ರಿಫ್ಲೆಕ್ಟರಿನ ಕೆಸರು ಒರೆಸಿ ಹೊರಡಿ.

ಐವತ್ತು ದಾಟಿದವರು, ಬೀಡಿ ಸಿಗರೇಟು ಸೇದುವವರು, ರಕ್ತದೊತ್ತಡ ಇರುವವರು ಎದುರುಗಾಳಿಯಲ್ಲಿ ತುಳಿಯುವಾಗ ಎದೆ ಹಿಡಿದಂತಾದರೆ ಗ್ಯಾಸೆಂದು ಸಮಾಧಾನ ಹೇಳಿಕೊಳ್ಳಬಾರದು. ಚಳಿಗೆ ರಕ್ತನಾಳ ಕುಗ್ಗಿ ಹೃದಯಕ್ಕೆ ಕೆಲಸ ಹೆಚ್ಚಿರುತ್ತದೆ. ಇಳಿದು ನಿಲ್ಲಿ, ಯಾರನ್ನಾದರೂ ಕೂಗಿ, ಆಸ್ಪತ್ರೆಗೆ ವಾಹನದಲ್ಲೇ ಹೋಗಿ.

ಬಿದ್ದು ತರಚಿದರೆ ಗಾಯವನ್ನು ಹರಿಯುವ ಶುದ್ಧ ನೀರು ಮತ್ತು ಸೋಪಿನಿಂದ ಐದು ನಿಮಿಷ ತೊಳೆಯಿರಿ. ಕಾಫಿ ಸೀಮೆಯವರಾದ ನಮಗೆ ರಕ್ತ ಕಂಡೊಡನೆ ಡಬ್ಬಿಯ ಕಾಫಿಪುಡಿ ಮೆತ್ತುವ ಚಾಳಿಯಿದೆ. ರಕ್ತ ನಿಂತಂತೆ ಕಾಣುತ್ತದೆ, ಆದರೆ ಪುಡಿಯ ಅಡಿಯಲ್ಲಿ ಮಣ್ಣು, ರೋಗಾಣು ಹಾಗೇ ಉಳಿಯುತ್ತವೆ. ನಾವು ಅದನ್ನೆಲ್ಲ ಕೆರೆದು ತೆಗೆಯುವಾಗ ನೋವು ಎರಡರಷ್ಟು. ರಕ್ತ ನಿಲ್ಲಲು ಶುಭ್ರ ಬಟ್ಟೆ ಮಡಿಸಿಟ್ಟು ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಹಳೆಯ ಟಿ.ಟಿ. ಬದಲು ಈಗ ಧನುರ್ವಾಯು, ಗಂಟಲುಮಾರಿ ಎರಡಕ್ಕೂ ಸೇರಿದ ಟಿ.ಡಿ. ಚುಚ್ಚುಮದ್ದು ಕೊಡುತ್ತಾರೆ. ಮಣ್ಣಾದ ಗಾಯವಾಗಿದ್ದು, ಹಿಂದಿನದು ಹಾಕಿಸಿ ಐದು ವರ್ಷ ಕಳೆದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕೇಳಿ ಹಾಕಿಸಿಕೊಳ್ಳಿ, ಹಾಕಿಸಿದ ತಾರೀಕನ್ನು ಬರೆದಿಟ್ಟುಕೊಳ್ಳಿ.