ನೆಲದ ಗುಣ, ನೀರಿನ ಗುಣ

ಆರನೆಯ ಶತಮಾನದ ವರಾಹಮಿಹಿರನು ತನ್ನ 'ಬೃಹತ್ಸಂಹಿತೆ'ಯಲ್ಲಿ ಭೂಗತಜಲವನ್ನು ಅರಿಯುವ ವಿದ್ಯೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಅದರ ಹೆಸರು 'ದಕಾರ್ಗಲ'. ದೇಹದಲ್ಲಿ ನಾಳಗಳಿರುವಂತೆ ನೆಲದೊಳಗೆ ಜಲಶಿರೆಗಳಿವೆಯೆಂಬುದೂ, ಮುಗಿಲಿನಿಂದ ಒಂದೇ ರುಚಿಯಾಗಿ ಇಳಿದ ನೀರು ನೆಲದ ಭೇದದಿಂದ ನಾನಾ ರುಚಿಗಳನ್ನು ತಾಳುವುದೆಂಬುದೂ ಅಲ್ಲಿಯ ಅಭಿಪ್ರಾಯ. ಹುತ್ತ, ಮರಗಳ ಗುರುತಿನಿಂದ ನೀರನ್ನು ಹೇಳುವ ಅವನ ಸೂಚನೆಗಳೆಲ್ಲವೂ ಪರೀಕ್ಷೆಗೆ ನಿಲ್ಲುವುವೆಂದು ಹೇಳಲಾಗದು; ಈ ಎರಡು ಮಾತುಗಳಾದರೋ ನಿಂತಿವೆ.

ಕರ್ನಾಟಕದ ಬಹುಭಾಗದ ತಳ ಗಟ್ಟಿಶಿಲೆಯದು. ದಕ್ಷಿಣದಲ್ಲಿ ಗ್ರಾನೈಟ್, ನೈಸ್ ಶಿಲೆಗಳು. ವಿಜಯಪುರ, ಕಲಬುರಗಿಗಳ ಕಡೆ ಹೆಚ್ಚಾಗಿ ಕಪ್ಪು ಬಸಾಲ್ಟ್. ಬಂಡೆಯ ಮೇಲೆ ಶಿಥಿಲವಾದ ಮಣ್ಣಿನ ಪದರ, ಕೆಳಗೆ ಬಂಡೆಯ ಬಿರುಕುಗಳು: ನೀರು ನಿಲ್ಲುವುದು ಇವೆರಡರಲ್ಲಿಯೇ. ಮಣ್ಣು ನೀರನ್ನು ಸೋಸುತ್ತದೆ. ಬಿರುಕು ಸೋಸುವುದಿಲ್ಲ, ಸಾಗಿಸುತ್ತದೆ.

ಹಳ್ಳಿಯ ನೀರನ್ನು ಕೆಡಿಸಲು ಕಾರ್ಖಾನೆಯೇ ಬೇಕೆಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಮನೆಯ ಹಿತ್ತಲಿನ ತಿಪ್ಪೆಯೊಂದೇ ಸಾಕು. ಸಗಣಿ ಗಂಜಲಗಳಲ್ಲಿರುವ ಸಾರಜನಕವು ಮಣ್ಣಿನ ಸೂಕ್ಷ್ಮಜೀವಿಗಳಿಂದ ನೈಟ್ರೇಟ್ ಆಗುತ್ತದೆ. ಹೊಲಕ್ಕೆ ಬೆಳೆಯ ಅಗತ್ಯಕ್ಕಿಂತ ಹೆಚ್ಚಾಗಿ ಹಾಕಿದ ಯೂರಿಯದ ಗತಿಯೂ ಅದೇ. ನೈಟ್ರೇಟ್ ಮಣ್ಣಿಗೆ ಅಂಟಿ ನಿಲ್ಲದು. ಮಳೆನೀರಿನಲ್ಲಿ ಕರಗಿ ಕೆಳಗಿಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೀರನ್ನು ಕಾಯಿಸಿದರೆ ರೋಗಾಣುಗಳು ಸಾಯುವುವು. ನೈಟ್ರೇಟ್ ಹೋಗದು, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುವುದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ.

ಈ ಮಿತಿ ಮುಖ್ಯವಾಗಿ ಹಸುಗೂಸುಗಳಿಗಾಗಿ ಹುಟ್ಟಿದ್ದು. 1945ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ವೈದ್ಯ ಹಂಟರ್ ಕಾಮ್ಲಿಯು, ಬಾವಿಯ ನೀರಿನಲ್ಲಿ ಕಲಸಿದ ಹಾಲನ್ನು ಕುಡಿದ ಕೂಸುಗಳ ಮೈ ನೀಲಿಗಟ್ಟಿದುದನ್ನು ವರದಿಮಾಡಿದನು. ನೈಟ್ರೇಟ್ ಕೂಸಿನ ಒಡಲಿನಲ್ಲಿ ನೈಟ್ರೈಟ್ ಆಗಿ, ರಕ್ತದ ಹಿಮೋಗ್ಲೋಬಿನ್ ಪ್ರಾಣವಾಯುವನ್ನು ಹೊರದಂತೆ ಮಾಡುತ್ತದೆ. ಅಂತಹ ಬಾವಿಗಳು ಹೆಚ್ಚಾಗಿ ಕೊಟ್ಟಿಗೆಯ ಅಂಗಳಕ್ಕೋ ಪಾಯಖಾನೆಯ ಗುಂಡಿಗೋ ಸಮೀಪದಲ್ಲಿದ್ದವು. ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲೊಂದನ್ನೇ ಕೊಡಬೇಕೆನ್ನುವುದಕ್ಕೆ ಇದೂ ಒಂದು ಕಾರಣವೆನ್ನಬಹುದು.

2014ರಲ್ಲಿ ಆರಂಭವಾದ ಸ್ವಚ್ಛಭಾರತ ಯೋಜನೆಯಿಂದ ಹಳ್ಳಿಗಳಲ್ಲಿ ಶೌಚಾಲಯಗಳು ಬಂದುದು ಶ್ಲಾಘ್ಯವೇ ಸರಿ. ಇಂಗುಗುಂಡಿಯ ಸ್ಥಾನವನ್ನು ಮಾತ್ರ ವಿಚಾರಿಸಿ ಆರಿಸಬೇಕು. ಗುಂಡಿಯ ತಳಕ್ಕೂ ಮಳೆಗಾಲದ ಜಲಮಟ್ಟಕ್ಕೂ ನಡುವೆ ಎರಡು ಮೀಟರು ಮಣ್ಣಿಲ್ಲದಿದ್ದರೆ, ಬಾವಿಯಿಂದ ಕನಿಷ್ಠ 10 ಮೀಟರು ದೂರವಿರಬೇಕೆಂಬುದು ನಿಯಮ. ಬಂಡೆ ಮೇಲಕ್ಕೇ ಬಂದಿರುವ ಊರುಗಳಲ್ಲಿ ಈ ದೂರವೂ ಸಾಲದೆ ಹೋಗಬಹುದು.

ಇವೆಲ್ಲಕ್ಕಿಂತ ಹೆಚ್ಚಿನ ಅಪಾಯ ಪಾಳುಬಿದ್ದ ಬಾವಿಗಳದು. ತಿಪ್ಪೆಯ ರಸವಾದರೂ ಮಣ್ಣನ್ನು ಹಾದು ಬರಬೇಕು. ಬಾಯ್ದೆರೆದ ಕೊಳವೆಬಾವಿಯಲ್ಲಿ ಆ ಅಡ್ಡಿಯೂ ಇಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಮಗುವನ್ನು ಸುಮಾರು 20 ಗಂಟೆಗಳ ಶ್ರಮದಿಂದ ಜೀವಂತವಾಗಿ ಮೇಲೆತ್ತಿದಾಗ ನಾಡೇ ನಿಟ್ಟುಸಿರುಬಿಟ್ಟಿತು. ಇಂತಹ ಬಾವಿಗಳನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಜಲ್ಲಿಗಳಿಂದ ತುಂಬಬೇಕೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೇ ವಿಧಿಸಿತ್ತು. ಮಗು ಬೀಳುವ ಬಾಯಿಗೆ ಊರ ಕೊಚ್ಚೆಯೂ ಬೀಳುತ್ತದೆ. ಅದಕ್ಕೆ ಯಾರೂ ಕೂಗಿಕೊಳ್ಳುವುದಿಲ್ಲ. ಬತ್ತಿದ ತೆರೆದ ಬಾವಿಗೆ ಕಸ, ಸತ್ತ ಪ್ರಾಣಿ, ಔಷಧದ ಖಾಲಿ ಡಬ್ಬಿಗಳನ್ನು ಎಸೆಯುವವನು ನೆರೆಯವನ ನೀರಿಗೆ ಅವನ್ನು ಎಸೆದಂತೆಯೇ.

ಕಾನೂನು ಇಲ್ಲದೆ ಇಲ್ಲ. 1974ರ ಜಲಮಾಲಿನ್ಯ ನಿವಾರಣಾ ಕಾಯಿದೆಯು ಬಾವಿಗೆ ವಿಷವಸ್ತು ಸೇರಿಸುವುದನ್ನು ನಿಷೇಧಿಸಿದೆ. ಕುಡಿಯುವ ನೀರಿನ ಮೂಲಗಳ ರಕ್ಷಣೆಗೆಂದು ಬಂದ ಕರ್ನಾಟಕದ 1999ರ ಕಾಯಿದೆಯು ಸಾರ್ವಜನಿಕ ಬಾವಿಯಿಂದ 500 ಮೀಟರುಗಳೊಳಗೆ ಅನುಮತಿಯಿಲ್ಲದೆ ಬೇರೆ ಬಾವಿ ತೋಡಬಾರದೆಂದಿತು. ಅದರ ಕಣ್ಣಿದ್ದುದು ನೀರಿನ ಪ್ರಮಾಣದ ಮೇಲೆ, ಗುಣದ ಮೇಲಲ್ಲ. ಹಿತ್ತಲು ಹಿತ್ತಲಿಗೆ ಅಧಿಕಾರಿ ಬರಲಾರನಾದುದರಿಂದ ತಿಪ್ಪೆಯ ವಿಚಾರವನ್ನು ಊರವರೇ ನೋಡಿಕೊಳ್ಳಬೇಕಾಗಿದೆ. ತಿಪ್ಪೆಯನ್ನು ಬಾವಿಗಿಂತ ಇಳಿಜಾರಿನ ಕೆಳಭಾಗಕ್ಕೆ ಸರಿಸಿ, ತಳವನ್ನು ಜೇಡಿಮಣ್ಣಿನಿಂದ ಗಟ್ಟಿಮಾಡಿ, ಸುತ್ತ ಒಡ್ಡು ಹಾಕುವುದು ಎರಡು ದಿನದ ಕೆಲಸ. ಕೊಳವೆಬಾವಿಯ ಕೇಸಿಂಗ್ ಪೈಪಿನ ಹೊರಸಂದಿಗೆ ಸಿಮೆಂಟು ತುಂಬಿ, ಮೇಲೆ ಕಟ್ಟೆ ಕಟ್ಟಿ, ಚೆಲ್ಲಿದ ನೀರು ದೂರ ಹರಿಯುವಂತೆ ಮಾಡಬೇಕು. 2019ರ ಜಲಜೀವನ ಮಿಷನ್ನಿನಲ್ಲಿ ಗ್ರಾಮದ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆಯನ್ನು ಕಲಿಸುವ ಕ್ರಮವಿದೆ. ಆ ಪರೀಕ್ಷೆಯನ್ನು ಬೇಸಗೆಯಲ್ಲೊಮ್ಮೆ, ಮುಂಗಾರಿನ ಮೊದಲ ಮಳೆಗಳು ಇಂಗಿದ ಮೇಲೆ ಇನ್ನೊಮ್ಮೆ ಮಾಡಿಸಿ ಎರಡನ್ನೂ ಹೋಲಿಸಿದರೆ, ಊರ ನೆಲದಿಂದ ನೀರಿಗೆ ಏನು ಇಳಿಯುತ್ತಿದೆಯೆಂಬುದು ಕಾಣುತ್ತದೆ.